ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ

ಅವರು ಫೋನ್ ಎತ್ತಲಿಲ್ಲ. ಮೂರು ಸಲ ಮಾಡಿದೆ. 2020ರ ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರೂವರೆ. ಆ ದಿನಗಳಲ್ಲಿ ಯಾರಾದರೂ ಫೋನ್ ಎತ್ತದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು, ಅಲ್ವಾ? ಅದರಲ್ಲೂ ಇವರು ಆಸ್ಪತ್ರೆಯಲ್ಲಿ ರೆಸ್ಪಿರೇಟರಿ ಥೆರಪಿಸ್ಟ್. ಉಸಿರಾಡಲು ಕಷ್ಟಪಡುವವರಿಗೆ ಆಕ್ಸಿಜನ್ ಹಾಕುವುದು, ವೆಂಟಿಲೇಟರ್ ನೋಡಿಕೊಳ್ಳುವುದು ಅವರ ಕೆಲಸ. ಕೋವಿಡ್ ಬಂದವರ ಬಾಯಿಗೆ, ಮೂಗಿಗೆ ಅವರಷ್ಟು ಹತ್ತಿರ ಹೋಗುವವರು ಕಡಿಮೆ.

ಐದು ಗಂಟೆಗೆ ಅವರೇ ವಾಪಸ್ ಮಾಡಿದರು. ದನಿ ತುಂಬ ಆರಾಮಾಗಿತ್ತು.

"ಬೇಬಿ, ನಾನು ಮಲಗಿದ್ದೆ. ರಜೆ ದಿನ ಮೂರರಿಂದ ಐದು ನನ್ನ ಫೋನ್ ಆಫ್. ಮಕ್ಕಳಿಗೂ ಗೊತ್ತು, ಚರ್ಚಿನ ಪಾದ್ರಿಗೂ ಗೊತ್ತು. ಇನ್ನು ಮೇಲೆ ನಿನಗೂ ಗೊತ್ತಿರಲಿ."

ಬೇಬಿ ಎನ್ನುವುದು ಇಲ್ಲಿ, ಅಮೆರಿಕದ ದಕ್ಷಿಣದಲ್ಲಿ, ಕಪ್ಪು ಹೆಂಗಸರು ಕಿರಿಯರನ್ನು ಕರೆಯುವ ರೀತಿ. ನಮ್ಮಲ್ಲಿ ಮಗಾ, ಪುಟ್ಟೀ ಅಂದ ಹಾಗೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವರು. ಮನಸ್ಸಿನಲ್ಲಿ ಯಾವತ್ತೂ ಅಕ್ಕ ಎಂದೇ ಕರೆದಿದ್ದೇನೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವರಿದ್ದ ಆಸ್ಪತ್ರೆಯ ಲ್ಯಾಬ್‌ನಲ್ಲೇ ನಾನು ಕೆಲಸ ಮಾಡುತ್ತಿದ್ದೆ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಹತ್ತಿರ.

ಆವತ್ತು ಫೋನ್ ಇಟ್ಟ ಮೇಲೆ ನನಗೆ ಸಮಾಧಾನ ಆಯಿತು. ಅದರ ಹಿಂದೆಯೇ ಸಣ್ಣಗೆ ಸಿಟ್ಟೂ ಬಂತು. ಜನ ಸಾಯುತ್ತಿದ್ದಾರೆ. ನಾವೆಲ್ಲ ಹನ್ನೆರಡು ಗಂಟೆ ಶಿಫ್ಟ್ ಮುಗಿಸಿ ಮನೆಗೆ ಬಂದು, ಬಟ್ಟೆಯನ್ನು ಗ್ಯಾರೇಜ್‌ನಲ್ಲೇ ಕಳಚಿ, ಮಕ್ಕಳನ್ನು ಮುಟ್ಟಲು ಹೆದರುತ್ತಿದ್ದೇವೆ. ಇವರು ಫೋನ್ ಆಫ್ ಮಾಡಿ ಹೇಗೆ ಮಲಗುತ್ತಾರೆ? ಆ ಸಿಟ್ಟು ಎಲ್ಲಿಂದ ಬಂತು ಎಂದು ಅರ್ಥವಾಗಲು ನನಗೆ ಬಹಳ ದಿನ ಬೇಕಾಯಿತು.

ಹಾಸನದ ನಮ್ಮ ಮನೆಯಲ್ಲಿ ಮಧ್ಯಾಹ್ನ ಮಲಗುತ್ತಿದ್ದವರು ಗಂಡಸರು. ಅಜ್ಜಿ ಹಗಲು ಹೊತ್ತು ಮಲಗಿದ್ದು ನನಗೆ ನೆನಪೇ ಇಲ್ಲ. ಎಲ್ಲರ ಊಟ ಆದ ಮೇಲೆ ಅಡುಗೆಮನೆ ಬಾಗಿಲಿಗೆ ಒರಗಿ ಎರಡು ನಿಮಿಷ ಕೂರುತ್ತಿದ್ದಳು, ಅಷ್ಟೇ. ಯಾರದಾದರೂ ಹೆಜ್ಜೆ ಸಪ್ಪಳ ಕೇಳಿದರೆ ಸೆರಗು ಸರಿಮಾಡಿಕೊಂಡು ಏಳುತ್ತಿದ್ದಳು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದರು. ಎಷ್ಟು ಮಾಡಿದರೂ ದಣಿವೇ ಇಲ್ಲ ನೋಡಿ ಎನ್ನುತ್ತಿದ್ದರು. ದಣಿವು ಇತ್ತು. ಅವಳು ಹೇಳುತ್ತಿರಲಿಲ್ಲ. ತಾಳಿದವರು ಬಾಳಿಯಾರು ಎಂಬ ಗಾದೆ ನಮ್ಮ ಮನೆಯಲ್ಲಿ ಹೆಂಗಸರಿಗೆ ಮಾತ್ರ ಹೇಳುವ ಗಾದೆಯಾಗಿತ್ತು. ಆ ಮನೆಯಲ್ಲಿ ಬೆಳೆದ ನಾನು ಅಕ್ಕನ ನಿದ್ದೆ ನೋಡಿ ಸಿಟ್ಟಾದೆ.

ಒಂದು ಸಲ ನಾನೂ ಅಕ್ಕನಿಗೆ ನೀವು ಎಷ್ಟು ಸ್ಟ್ರಾಂಗ್ ಎಂದುಬಿಟ್ಟೆ. ಅವರು ತಿರುಗಿ ನೋಡಿದರು. "ನನ್ನನ್ನು ಹಾಗೆ ಕರೆಯಬೇಡ. ಸ್ಟ್ರಾಂಗ್ ಅಂದವರೆಲ್ಲ ಆಮೇಲೆ ನನ್ನ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟಿದ್ದಾರೆ" ಎಂದರು.

ಅಮೆರಿಕದಲ್ಲಿ ಕಪ್ಪು ಹೆಂಗಸರಿಗೆ ಸ್ಟ್ರಾಂಗ್ ಬ್ಲ್ಯಾಕ್ ವುಮನ್ ಎಂಬ ಬಿರುದು ಹಳೆಯದು. ಗುಲಾಮಗಿರಿಯ ಕಾಲದಿಂದ ಬಂದ ನಂಬಿಕೆ ಅದು. ಇವರಿಗೆ ನೋವು ಕಡಿಮೆ, ಇವರು ಎಷ್ಟು ಬೇಕಾದರೂ ತಡೆಯುತ್ತಾರೆ ಎಂಬ ನಂಬಿಕೆ. ಅಟ್ಲಾಂಟಾದಿಂದ ಎರಡೂವರೆ ಗಂಟೆ ದೂರದ ಮಾಂಟ್‌ಗೊಮೆರಿ ಊರಿನಲ್ಲಿ 1840ರ ದಶಕದಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯ ಗುಲಾಮ ಹೆಂಗಸರ ಮೇಲೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ಅರಿವಳಿಕೆ ಕೊಡದೆ. ಅವರಲ್ಲಿ ಮೂವರ ಹೆಸರು ಮಾತ್ರ ಉಳಿದಿದೆ: ಅನಾರ್ಕಾ, ಲೂಸಿ, ಬೆಟ್ಸಿ. ಆ ವೈದ್ಯನನ್ನು ಸ್ತ್ರೀರೋಗ ಚಿಕಿತ್ಸೆಯ ಪಿತಾಮಹ ಎಂದರು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಪ್ರತಿಮೆ ನಿಲ್ಲಿಸಿದರು. ಅದನ್ನು ತೆಗೆದದ್ದು 2018ರಲ್ಲಿ. 2021ರಲ್ಲಿ ಮಿಶೆಲ್ ಬ್ರೌಡರ್ ಎಂಬ ಕಲಾವಿದೆ ಮಾಂಟ್‌ಗೊಮೆರಿಯಲ್ಲಿ ಆ ಮೂವರು ತಾಯಂದಿರ ದೊಡ್ಡ ಲೋಹದ ಪ್ರತಿಮೆಗಳನ್ನು ನಿಲ್ಲಿಸಿದರು. ಸಾಂಕ್ರಾಮಿಕದ ನಡುವೆಯೇ.

ಜಾರ್ಜಿಯಾದಲ್ಲಿ 2020ರ ವಸಂತ ಹೇಗಿತ್ತು ಎಂದು ಹೇಳಬೇಕು. ಅಟ್ಲಾಂಟಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಮೂರು ಗಂಟೆ ಹೋದರೆ ಆಲ್ಬನಿ ಎಂಬ ಊರು ಸಿಗುತ್ತದೆ. ಅಲ್ಲಿ ಹೆಚ್ಚಿನವರು ಕಪ್ಪು ಜನ. ಅಕ್ಕನ ತವರು ಅದೇ. ಫೆಬ್ರವರಿ ಕೊನೆಯಲ್ಲಿ ಅಲ್ಲಿ ಒಂದು ಸಾವಾಯಿತು. ಮಣ್ಣಿಗೆ ತುಂಬ ಜನ ಬಂದರು. ತಬ್ಬಿಕೊಂಡರು, ಅತ್ತರು, ಒಟ್ಟಿಗೆ ಊಟ ಮಾಡಿದರು. ಆಗಿನ್ನೂ ಯಾರೂ ಮಾಸ್ಕ್ ಹಾಕುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ, ಜನಸಂಖ್ಯೆಗೆ ಹೋಲಿಸಿದರೆ ದೇಶದಲ್ಲೇ ಅತಿ ಹೆಚ್ಚು ಸೋಂಕು ಇರುವ ಜಾಗಗಳ ಪಟ್ಟಿಗೆ ಆಲ್ಬನಿ ಸೇರಿತು. ಅಕ್ಕನ ಇಬ್ಬರು ಬಂಧುಗಳು ಒಂದೇ ವಾರದಲ್ಲಿ ಹೋದರು. ಅವರ ಮಣ್ಣಿಗೆ ಅಕ್ಕ ಹೋಗುವಂತಿರಲಿಲ್ಲ.

ಇದು ಬರೀ ಒಂದು ಊರಿನ ದುರದೃಷ್ಟ ಅಲ್ಲ. ಆ ಮಾರ್ಚ್‌ನಲ್ಲಿ ಜಾರ್ಜಿಯಾದ 8 ಆಸ್ಪತ್ರೆಗಳಿಗೆ ಸೇರಿದ 305 ಕೋವಿಡ್ ರೋಗಿಗಳ ಲೆಕ್ಕವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಕಿತು. ನೂರರಲ್ಲಿ ಸುಮಾರು 83 ಜನ ಕಪ್ಪು ಜನರು. ರಾಜ್ಯದ ಜನಸಂಖ್ಯೆಯಲ್ಲಿ ಅವರು ಹೆಚ್ಚು ಕಡಿಮೆ ಮೂರನೇ ಒಂದು ಭಾಗ. ಬಸ್ ಓಡಿಸುವವರು, ದಿನಸಿ ಅಂಗಡಿಯಲ್ಲಿ ಬಿಲ್ ಹಾಕುವವರು, ವೃದ್ಧಾಶ್ರಮಗಳಲ್ಲಿ ಮುದುಕರ ಮೈ ತೊಳೆಯುವವರು. ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವ ಕೆಲಸ ಅವರಿಗಿರಲಿಲ್ಲ. ಏಪ್ರಿಲ್ 24ಕ್ಕೆ ನಮ್ಮ ರಾಜ್ಯ ಹೇರ್ ಸಲೂನ್, ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ಜಿಮ್ ಎಲ್ಲ ತೆರೆಯಬಹುದು ಎಂದು ಹೇಳಿತು. ಯಾರೋ ಮೈಕೈ ಹಗುರ ಮಾಡಿಕೊಳ್ಳಲು ಇನ್ಯಾರೋ ಪ್ರಾಣ ಪಣಕ್ಕಿಡಬೇಕಿತ್ತು.

ಮತ್ತೆ ಬ್ರಿಯಾನಾ ಟೇಲರ್. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ 26 ವರ್ಷದ ಹುಡುಗಿ. 2020ರ ಮಾರ್ಚ್ 13ರಂದು, ನಡುರಾತ್ರಿ ಕಳೆದ ಮೇಲೆ, ಪೊಲೀಸರು ಅವಳ ಮನೆ ಬಾಗಿಲು ಮುರಿದು ನುಗ್ಗಿದರು. ಮಲಗಿದ್ದವಳು ಎದ್ದಳು, ಗುಂಡೇಟಿಗೆ ಸತ್ತಳು. ಅದೇ ದಿನ ಅಮೆರಿಕದಲ್ಲಿ ಕೋವಿಡ್‌ಗಾಗಿ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆ ಆಯಿತು. ಮನೆಯಲ್ಲೇ ಇರಿ, ಕ್ಷೇಮವಾಗಿರಿ ಎಂದು ಎಲ್ಲರೂ ಹೇಳಲು ಶುರು ಮಾಡಿದ್ದು ಆಗಲೇ. ಅಕ್ಕ ನನಗೆ ಹೇಳಿದ್ದರು: "ಅವಳು ನಮ್ಮ ಹಾಗೇ ಶಿಫ್ಟ್ ಮಾಡುತ್ತಿದ್ದ ಹುಡುಗಿ. ಅವಳು ಮಲಗಿದ್ದಳು, ಅಷ್ಟೇ." ಆ ಮಾತು ಕೇಳಿದ ಮೇಲೆ ಮೂರರಿಂದ ಐದರ ಬಗ್ಗೆ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ.

ಅಕ್ಕನಿಗೆ ಆಗ 57 ವರ್ಷ. "ನಾನು ಅರವತ್ತು ನೋಡಬೇಕು" ಎನ್ನುತ್ತಿದ್ದರು. ಅರವತ್ತು ಯಾವ ಮಹಾ ವಯಸ್ಸು ಎಂದು ನನಗನ್ನಿಸುತ್ತಿತ್ತು. ಅವರ ಲೆಕ್ಕ ಬೇರೆ ಇತ್ತು. ಮತದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ ತೀರಿಕೊಂಡದ್ದು 59ಕ್ಕೆ. ಕವಿ ಆಡ್ರಿ ಲಾರ್ಡ್ 58ಕ್ಕೆ. ಅಕ್ಕನ ತಾಯಿಯೂ ಅರವತ್ತು ತಲುಪಲಿಲ್ಲ.

ಅಕ್ಕನ ತಾಯಿ ಆಲ್ಬನಿಯಲ್ಲಿ 1961ರ ಚಳವಳಿಯಲ್ಲಿ ಜೈಲಿಗೆ ಹೋದವರು. ಆ ಚಳವಳಿಯಲ್ಲಿ ನೂರಾರು ಜನ ಹಾಡುತ್ತಾ ಜೈಲು ತುಂಬಿದರು. ಮನೆಗೆ ಬಂದ ಮೇಲೆ ಅವರನ್ನು ಯಾರು ನೋಡಿಕೊಂಡರು? ಅಕ್ಕ ಕೇಳುವ ಪ್ರಶ್ನೆ ಇದು. ಹೋರಾಟದ ಕಥೆಯಲ್ಲಿ ಮೆರವಣಿಗೆ ಇರುತ್ತದೆ, ಭಾಷಣ ಇರುತ್ತದೆ. ಬಿಪಿ ಮಾತ್ರೆ ಇರುವುದಿಲ್ಲ. ರಾತ್ರಿ ನಿದ್ದೆ ಬಾರದೆ ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದು ಇರುವುದಿಲ್ಲ.

ಫ್ಯಾನಿ ಲೂ ಹೇಮರ್ ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿ. ಅವರ ತಂದೆತಾಯಿಯ 20 ಮಕ್ಕಳಲ್ಲಿ ಕೊನೆಯವರು. 1961ರಲ್ಲಿ ಗೆಡ್ಡೆ ತೆಗೆಸಲು ಆಸ್ಪತ್ರೆಗೆ ಹೋದರೆ, ಕೇಳದೆ ಹೇಳದೆ ಗರ್ಭಕೋಶವನ್ನೇ ತೆಗೆದರು. ಮತದ ಹಕ್ಕಿಗಾಗಿ ಓಡಾಡಿದ್ದಕ್ಕೆ 1963ರಲ್ಲಿ ಜೈಲಿನಲ್ಲಿ ಹೊಡೆದ ಏಟಿಗೆ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಅದು ಕೊನೆವರೆಗೂ ಸರಿಯಾಗಲಿಲ್ಲ. 1964ರ ಡಿಸೆಂಬರ್ 20ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅವರು ಒಂದು ಮಾತು ಹೇಳಿದರು. ಸುಸ್ತಾಗಿ ಸುಸ್ತಾಗಿ ಆ ಸುಸ್ತಿನಿಂದಲೇ ನನಗೆ ಸಾಕಾಗಿದೆ ಎಂಬರ್ಥದ ಮಾತು. ಅದನ್ನು ಇಲ್ಲಿ ಎಲ್ಲರೂ ಘೋಷಣೆಯ ಹಾಗೆ ಹೇಳುತ್ತಾರೆ. ನನಗೆ ಅದು ಘೋಷಣೆಗಿಂತ ಜಾಸ್ತಿ ಒಬ್ಬ ರೋಗಿ ಡಾಕ್ಟರ ಮುಂದೆ ಹೇಳಿದ ಮಾತಿನಂತೆ ಕೇಳಿಸುತ್ತದೆ.

ಐವತ್ತಾರು ವರ್ಷದ ನಂತರ ಅದೇ ಡಿಸೆಂಬರ್ 20ರಂದು, 2020ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ ಡಾ. ಸೂಸನ್ ಮೂರ್ ತೀರಿಕೊಂಡರು. 52 ವರ್ಷ. ಅವರೇ ವೈದ್ಯೆ. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದರು. ನೋವು ಎಂದರೆ ನಂಬುತ್ತಿಲ್ಲ, ಮಾದಕ ವಸ್ತುವಿನ ಚಟದವಳಂತೆ ನೋಡುತ್ತಿದ್ದಾರೆ, ನಾನು ಬಿಳಿಯಳಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹಾಸಿಗೆಯಿಂದಲೇ ವಿಡಿಯೋ ಮಾಡಿ ಹಾಕಿದ್ದರು. ಮೂಗಿನಲ್ಲಿ ಆಕ್ಸಿಜನ್ ನಳಿಕೆ. ಆ ವಿಡಿಯೋವನ್ನು ನಾನೂ ಅಕ್ಕನೂ ಪಾರ್ಕಿಂಗ್‌ನಲ್ಲಿ ಆರು ಅಡಿ ದೂರ ನಿಂತು, ನಮ್ಮ ನಮ್ಮ ಫೋನಿನಲ್ಲಿ ನೋಡಿದೆವು. ಒಬ್ಬ ಡಾಕ್ಟರಿಗೇ ಹೀಗಾದರೆ?

ಇಲ್ಲಿ ನನ್ನ ಕೆಲಸಕ್ಕೆ ಸೇರಿದ ಒಂದು ವಿಷಯ ಹೇಳಬೇಕು. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಎಲ್ಲರಿಗೂ ಗೊತ್ತು. ಕೋವಿಡ್ ಕಾಲದಲ್ಲಿ ಭಾರತದಲ್ಲೂ ಮನೆಮನೆಗೆ ಬಂತು. ಅದು ಚರ್ಮದ ಮೂಲಕ ಬೆಳಕು ಹಾಯಿಸಿ, ರಕ್ತ ಎಷ್ಟು ಬೆಳಕನ್ನು ಹೀರಿತು ಎಂದು ನೋಡಿ ಲೆಕ್ಕ ಹೇಳುತ್ತದೆ. ಚರ್ಮ ಕಪ್ಪಾಗಿದ್ದರೆ ಆ ಲೆಕ್ಕ ತಪ್ಪಬಹುದು. ನಿಜವಾದ ಆಕ್ಸಿಜನ್ ಇಳಿದಿದ್ದರೂ ಕ್ಲಿಪ್ ಚೆನ್ನಾಗಿದೆ ಎನ್ನುತ್ತದೆ. ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷೆ ಮಾಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಹೀಗೆ ಕ್ಲಿಪ್‌ಗೆ ಕಾಣದೆ ಆಕ್ಸಿಜನ್ ಇಳಿದಿರುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಮಿಶಿಗನ್ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು.

ಅದು ಪ್ರಕಟವಾಗುವ ಎಷ್ಟೋ ತಿಂಗಳ ಮೊದಲೇ ಅಕ್ಕ ಹೊಸಬರಿಗೆ ಹೇಳುತ್ತಿದ್ದರು: "ಬೆರಳು ಏನೋ ಹೇಳುತ್ತೆ. ನೀವು ಮುಖ ನೋಡಿ." ಡಾಕ್ಟರ ಹತ್ತಿರ ಪಟ್ಟು ಹಿಡಿದು ರಕ್ತ ಪರೀಕ್ಷೆ ಬರೆಸುತ್ತಿದ್ದರು. ಆ ಸ್ಯಾಂಪಲ್‌ಗಳು ಐಸ್‌ನಲ್ಲಿ ಕೂತು ನನ್ನ ಮೇಜಿಗೆ ಬರುತ್ತಿದ್ದವು. ನಾನು ನಂಬರ್ ನೋಡಿ ಫೋನ್ ಮಾಡುತ್ತಿದ್ದೆ. "ನಾನು ಹೇಳಲಿಲ್ವಾ" ಎಂದು ಅವರು ಹೇಳುತ್ತಿರಲಿಲ್ಲ. ಥ್ಯಾಂಕ್ಯೂ ಬೇಬಿ ಎಂದು ಫೋನ್ ಇಟ್ಟು ಓಡುತ್ತಿದ್ದರು. ಒಬ್ಬರ ನೋವನ್ನು ಇನ್ನೊಬ್ಬರು ನಂಬುವುದೇ ಚಿಕಿತ್ಸೆಯ ಮೊದಲ ಭಾಗ ಎಂದು ನಾನು ಕಲಿತದ್ದು ಆ ರಾತ್ರಿ ಪಾಳಿಗಳಲ್ಲಿ.

ಅರ್ಲೀನ್ ಜೆರೋನಿಮಸ್ ಎಂಬ ಸಂಶೋಧಕಿ 1992ರಲ್ಲೇ ವೆದರಿಂಗ್ ಎಂಬ ಮಾತನ್ನು ಮುಂದಿಟ್ಟರು. ಬಿಸಿಲಿಗೆ, ಮಳೆಗೆ, ಗಾಳಿಗೆ ಒಡ್ಡಿದ ಮರ ಬೇಗ ಸವೆಯುತ್ತದಲ್ಲ, ಹಾಗೆ. ತಾರತಮ್ಯದ ನಡುವೆ ದಿನದಿನವೂ ಎಚ್ಚರವಾಗಿ ಬದುಕುವ ಕಪ್ಪು ಹೆಂಗಸರ ದೇಹ ವಯಸ್ಸಿಗಿಂತ ಮೊದಲೇ ಸವೆಯುತ್ತದೆ ಎನ್ನುವುದು ಅವರ ವಾದ. ಓದಿದ, ಒಳ್ಳೆಯ ಸಂಬಳ ತರುವ ಹೆಂಗಸರನ್ನೂ ಅದು ಬಿಡುವುದಿಲ್ಲ. ಹೆರಿಗೆಯ ಲೆಕ್ಕ ನೋಡಿ. 2020ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ 55 ಕಪ್ಪು ತಾಯಂದಿರು ಸತ್ತರು. ಬಿಳಿಯರಲ್ಲಿ 19. ಮರುವರ್ಷ ಅದು ಸುಮಾರು 70ಕ್ಕೆ ಏರಿತು. ಇದು ಇಷ್ಟು ದೊಡ್ಡ ಆಸ್ಪತ್ರೆಗಳಿರುವ ದೇಶ. ಬಾಣಂತಿಗೆ ಎಣ್ಣೆ ನೀರು, ಕಾಲು ಒತ್ತಲು ಒಂದು ಕೈ, ಮೂರು ತಿಂಗಳು ಮಂಚ ಬಿಟ್ಟು ಇಳಿಯಬೇಡ ಎನ್ನುವ ತಾಯಿ ನಮ್ಮಲ್ಲಿ ಎಷ್ಟೋ ಜನರಿಗೆ ಸಿಗುತ್ತಾರೆ. ಅಕ್ಕ ಹೆತ್ತು ಆರನೇ ವಾರಕ್ಕೆ ಕೆಲಸಕ್ಕೆ ಹೋಗಿದ್ದರು. ನಾನು ಬಾಣಂತನ ಎಂದರೆ ಏನು ಎಂದು ವಿವರಿಸಿದಾಗ ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ "ನನಗೆ ಅದನ್ನು ಈಗ ಯಾರಾದರೂ ಕೊಡುತ್ತಾರಾ?" ಎಂದರು.

ಅದನ್ನು ಆ ಹೆಂಗಸರೇ ಒಬ್ಬರಿಗೊಬ್ಬರು ಕೊಟ್ಟುಕೊಂಡರು. ಆ ಎರಡು ವರ್ಷ ನಾನು ಹತ್ತಿರದಿಂದ ನೋಡಿದ್ದು ಅದನ್ನೇ.

ಜೂನ್‌ನಲ್ಲಿ ಅಕ್ಕ ಬೆಳಗ್ಗೆ ನಡೆಯಲು ಶುರು ಮಾಡಿದರು. ಕಿವಿಯಲ್ಲಿ ಫೋನ್. ಟಿ. ಮಾರ್ಗನ್ ಡಿಕ್ಸನ್, ವನೆಸ್ಸಾ ಗ್ಯಾರಿಸನ್ ಎಂಬ ಇಬ್ಬರು ಗೆಳತಿಯರು ಕಟ್ಟಿದ ಗರ್ಲ್‌ಟ್ರೆಕ್ ಎಂಬ ಸಂಘ ಇದೆ. ಕಪ್ಪು ಹೆಂಗಸರು ದಿನಕ್ಕೆ ಅರ್ಧ ಗಂಟೆ ನಡೆಯಬೇಕು ಎನ್ನುವುದೇ ಅವರ ಗುರಿ. ರಾತ್ರಿ ಕಾಡಿನಲ್ಲಿ ಮೈಲಿಗಟ್ಟಲೆ ನಡೆದು ಗುಲಾಮರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್ ಅವರಿಗೆ ಆದರ್ಶ. 2020ರ ಜೂನ್‌ನಲ್ಲಿ 21 ದಿನ ಅವರಿಬ್ಬರೂ ಹಿಂದಿನ ಕಪ್ಪು ಹೆಂಗಸರ ಕಥೆ ಹೇಳುತ್ತಿದ್ದರು, ದೇಶದ ತುಂಬ ಹೆಂಗಸರು ಕೇಳುತ್ತಾ ನಡೆಯುತ್ತಿದ್ದರು. ಒಬ್ಬೊಬ್ಬರೇ, ಆದರೆ ಒಟ್ಟಿಗೆ. ಬೆಳಗಿನ ವಾಕಿಂಗ್ ನಮಗೆ ಸಾಮಾನ್ಯ ವಿಷಯ. ಇದೇ ಜಾರ್ಜಿಯಾದಲ್ಲಿ, ಅದೇ ವರ್ಷ ಫೆಬ್ರವರಿ 23ರಂದು, 25 ವರ್ಷದ ಅಹ್ಮದ್ ಆರ್ಬೆರಿ ಎಂಬ ಹುಡುಗ ಓಡುತ್ತಿದ್ದಾಗ ಮೂವರು ಬಿಳಿಯರು ಅಟ್ಟಿಸಿಕೊಂಡು ಹೋಗಿ ಅವನನ್ನು ಕೊಂದಿದ್ದರು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕೊಲೆ. ಅದಾಗಿ ಒಂದು ತಿಂಗಳೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಮೈ ಚೆನ್ನಾಗಿರಬೇಕು ಎಂದು ಒಬ್ಬ ಕಪ್ಪು ಹೆಂಗಸು ಬೂಟು ಕಟ್ಟಿ ಬೀದಿಗಿಳಿಯುವುದು ಸಣ್ಣ ಧೈರ್ಯ ಅಲ್ಲ.

ಭಾನುವಾರ ಸಂಜೆ ತಲೆಗೂದಲ ಕೆಲಸ. ಅವರು ಅದನ್ನು ವಾಶ್ ಡೇ ಎನ್ನುತ್ತಾರೆ. ಮೊಮ್ಮಗಳು ಕೆಳಗೆ ಅಕ್ಕನ ಎರಡು ಮೊಣಕಾಲ ನಡುವೆ ಕೂರುತ್ತಿದ್ದಳು. ಸಿಕ್ಕು ಬಿಡಿಸುವುದು, ಬೈತಲೆ ತೆಗೆದು ಬುಡಕ್ಕೆ ಎಣ್ಣೆ ಹಚ್ಚುವುದು, ಸಣ್ಣ ಸಣ್ಣ ಜಡೆ ಹೆಣೆಯುವುದು. ಮೂರು ನಾಲ್ಕು ಗಂಟೆ. ನಾನು ವಿಡಿಯೋ ಕಾಲ್‌ನಲ್ಲಿ ನೋಡುತ್ತಾ ಇಲ್ಲಿ ನನ್ನ ಮಗಳ ತಲೆಗೆ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದೆ. ನನ್ನ ಅಮ್ಮ ಜಗಲಿ ಮೇಲೆ ನನ್ನನ್ನು ಹೀಗೇ ಕೂರಿಸಿಕೊಳ್ಳುತ್ತಿದ್ದರು. ಒಂದು ವ್ಯತ್ಯಾಸ ಇತ್ತು. ನನ್ನ ಜಡೆಗಾಗಿ ಯಾರೂ ನನಗೆ ಕೆಲಸ ಇಲ್ಲ ಎಂದಿಲ್ಲ. ಅವರಿಗೆ ಹಾಗೆ ಹೇಳಿದ್ದಾರೆ, ಶಾಲೆಯಿಂದ ಮಕ್ಕಳನ್ನು ಮನೆಗೆ ಕಳಿಸಿದ್ದಾರೆ. ಕೂದಲಿನ ರೀತಿ ನೋಡಿ ತಾರತಮ್ಯ ಮಾಡಬಾರದು ಎಂಬ ಕ್ರೌನ್ ಕಾಯ್ದೆಯನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2019ರಲ್ಲಿ. ದೇವರು ಕೊಟ್ಟ ಕೂದಲಿಗೆ ಕಾನೂನಿನ ರಕ್ಷಣೆ ಬೇಕಾಗುವ ಜಾಗದಲ್ಲಿ, ಮೊಮ್ಮಗಳ ತಲೆಯನ್ನು ಪ್ರೀತಿಯಿಂದ ಮುಟ್ಟುವ ಮೂರು ಗಂಟೆಯೂ ಒಂದು ಉತ್ತರವೇ.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ಇದೇ ಅಟ್ಲಾಂಟಾದಲ್ಲಿ ಟ್ರಿಶಾ ಹರ್ಸಿ ಎಂಬ ಕಪ್ಪು ಹೆಂಗಸು 2016ರಲ್ಲಿ ನ್ಯಾಪ್ ಮಿನಿಸ್ಟ್ರಿ ಎಂದು ಶುರು ಮಾಡಿದರು. ದಿಂಬು, ಹೊದಿಕೆ ಹಾಸಿ ಜನರನ್ನು ಒಟ್ಟಿಗೆ ಮಲಗಿಸುತ್ತಾರೆ. ವಿಶ್ರಾಂತಿಯೇ ಪ್ರತಿರೋಧ ಎನ್ನುತ್ತಾರೆ. ಅವರ ಅಜ್ಜಿ ಓರಾ ಮಿಸಿಸಿಪ್ಪಿಯಿಂದ ಶಿಕಾಗೋಗೆ ತಪ್ಪಿಸಿಕೊಂಡು ಬಂದವರು. ಎರಡು ಕೆಲಸ, ಮನೆ ತುಂಬ ಮಕ್ಕಳು. ಆದರೂ ದಿನಾ ಅರ್ಧ ಗಂಟೆ ಸೋಫಾದ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರಂತೆ. ಆ ಅಜ್ಜಿಯೇ ಅವರಿಗೆ ಗುರು. ಗುಲಾಮಗಿರಿಯಲ್ಲಿ ಕದ್ದದ್ದು ಬರೀ ದುಡಿಮೆಯನ್ನಲ್ಲ, ನಿದ್ದೆಯನ್ನೂ ಕದ್ದರು, ಅದನ್ನು ವಾಪಸ್ ಪಡೆಯಬೇಕು ಎಂಬುದು ಅವರ ಮಾತಿನ ತಿರುಳು. ಇನ್ನೂ ಚೆನ್ನಾಗಿ ಕೆಲಸ ಮಾಡಲಿ ಎಂದು ಮಲಗುವುದಲ್ಲ. ನೀನು ಮನುಷ್ಯಳು, ಅದಕ್ಕೇ ಮಲಗು. ನನಗೆ ಈ ಮಾತು ತುಂಬ ನಾಟಿತು, ಯಾಕೆಂದರೆ ನನ್ನ ಆಸ್ಪತ್ರೆ ಆ ವರ್ಷ ನಮಗೆ ಒಂದು ಚೀಲ ಕೊಟ್ಟಿತ್ತು. ಒಳಗೆ ಸುವಾಸನೆಯ ಮೇಣದ ಬತ್ತಿ, ಕೈಗೆ ಹಚ್ಚುವ ಕ್ರೀಮ್, ನಿಮ್ಮನ್ನು ನೀವು ನೋಡಿಕೊಳ್ಳಿ ಎಂಬ ಚೀಟಿ. ಅದೇ ವಾರ ಪಾಳಿ ಹೆಚ್ಚಿಸಿದರು. ಅಕ್ಕ ಮೇಣದ ಬತ್ತಿಯನ್ನು ಅಲ್ಲೇ ಬಿಟ್ಟು ರಜೆ ಅರ್ಜಿ ಬರೆದರು.

ಕೆಲಸ ನಿಲ್ಲಿಸುವುದು ಇಲ್ಲಿನ ಕಪ್ಪು ಹೆಂಗಸರಿಗೆ ಹೊಸದಲ್ಲ. 1881ರ ಜುಲೈನಲ್ಲಿ ಇದೇ ಅಟ್ಲಾಂಟಾದಲ್ಲಿ ಬಟ್ಟೆ ಒಗೆಯುವ 20 ಹೆಂಗಸರು ಸೇರಿ ಸಂಘ ಕಟ್ಟಿದರು. ಗುಲಾಮಗಿರಿ ಮುಗಿದು ಬರೀ 16 ವರ್ಷ ಆಗಿತ್ತು. ಸರಿಯಾದ ಕೂಲಿ ಕೊಡದಿದ್ದರೆ ಒಗೆಯುವುದಿಲ್ಲ ಎಂದರು. ಮೂರೇ ವಾರದಲ್ಲಿ 3,000 ಹೆಂಗಸರು ಸೇರಿದರು. ಹಿಡಿದು ಜೈಲಿಗೆ ಹಾಕಿದರು, ಲೈಸೆನ್ಸ್ ಶುಲ್ಕ ಹಾಕುತ್ತೇವೆ ಎಂದು ಹೆದರಿಸಿದರು. ಅವರು ಬಗ್ಗಲಿಲ್ಲ. ಊರಿನ ಕೊಳೆ ಬಟ್ಟೆ ಮನೆಗಳಲ್ಲೇ ಬಿದ್ದಿತ್ತು. ಸುಮ್ಮನೆ ಕೈಕಟ್ಟಿ ಕೂತ ಆ 3,000 ಹೆಂಗಸರನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ನೂರು ವರ್ಷ ಕಳೆದು, 1983ರಲ್ಲಿ, ಇದೇ ಊರಿನ ಸ್ಪೆಲ್ಮನ್ ಕಾಲೇಜಿನಲ್ಲಿ ಬೈಲಿ ಏವರಿ ಎಂಬ ಹೆಂಗಸು ಕಪ್ಪು ಮಹಿಳೆಯರ ಆರೋಗ್ಯದ ಮೇಲೆ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಸಿದರು. ಸಾವಿರಕ್ಕೂ ಹೆಚ್ಚು ಹೆಂಗಸರು ಬಂದರು. ಏವರಿ ಅವರ ಗಂಡ 33ನೇ ವಯಸ್ಸಿನಲ್ಲೇ ಹೃದಯಾಘಾತದಿಂದ ತೀರಿಹೋಗಿದ್ದರು. ಆ ಸಮ್ಮೇಳನದಿಂದ ಊರೂರಲ್ಲಿ ಸಣ್ಣ ಗುಂಪುಗಳು ಹುಟ್ಟಿದವು. ವೃತ್ತವಾಗಿ ಕೂತು, ಬಿಪಿ, ಸಕ್ಕರೆ ಕಾಯಿಲೆ, ಮನೆಯಲ್ಲಿ ಬೀಳುವ ಏಟು, ಎಲ್ಲವನ್ನೂ ಮಾತಾಡುವ ಗುಂಪುಗಳು. ಅಕ್ಕ ಇಪ್ಪತ್ತರ ಹುಡುಗಿಯಾಗಿ ಅಂಥ ಒಂದು ಗುಂಪಿಗೆ ಹೋಗಿದ್ದರು. 2020ರಲ್ಲಿ ಆ ಹಳೆ ಗೆಳತಿಯರೇ ಗುರುವಾರ ರಾತ್ರಿ ಜೂಮ್‌ನಲ್ಲಿ ಸೇರುತ್ತಿದ್ದರು. ಅಕ್ಕ ಒಂದು ಸಲ ನನ್ನನ್ನೂ ಕೂರಿಸಿಕೊಂಡರು. ಹದಿಮೂರು ಮುಖ. ಒಬ್ಬರು ತಮ್ಮನನ್ನು ಕಳೆದುಕೊಂಡಿದ್ದರು. ಯಾರೂ ಧೈರ್ಯ ತಂದುಕೋ ಎನ್ನಲಿಲ್ಲ. ಅಳು ಎಂದರು. ಅವರು ಇಪ್ಪತ್ತು ನಿಮಿಷ ಅತ್ತರು. ಹನ್ನೆರಡು ಜನ ಕ್ಯಾಮೆರಾ ಆಫ್ ಮಾಡದೆ ಕೂತಿದ್ದರು.

ಆಡ್ರಿ ಲಾರ್ಡ್ ಅವರ ಮಾತನ್ನು ಆ ಗುಂಪಿನಲ್ಲೇ ನಾನು ಮೊದಲು ಕೇಳಿದ್ದು. ನನ್ನನ್ನು ನಾನು ನೋಡಿಕೊಳ್ಳುವುದು ಶೋಕಿ ಅಲ್ಲ, ಅದು ಉಳಿದುಕೊಳ್ಳುವ ದಾರಿ, ಅದೊಂದು ರಾಜಕೀಯ ಯುದ್ಧ ಎಂದು 1988ರಲ್ಲಿ ಅವರು ಬರೆದರು. ಈಗ ಆ ಮಾತು ಕಾಫಿ ಕಪ್ ಮೇಲೂ ಇದೆ. ಬರೆಯುವಾಗ ಲಾರ್ಡ್ ಅವರ ಸ್ತನ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತ್ತು. ಎಷ್ಟು ದಿನ ಉಳಿದಿದೆಯೋ ಅಷ್ಟು ದಿನ ಹೇಗೆ ಬದುಕಬೇಕು ಎಂದು ಲೆಕ್ಕ ಹಾಕುತ್ತಿದ್ದ ಕವಿಯ ಮಾತು ಅದು. ಕಪ್ ಮೇಲೆ ಅಚ್ಚು ಹಾಕಿದಾಗ ಆ ಕ್ಯಾನ್ಸರ್ ಅಳಿಸಿಹೋಗಿದೆ.

ಯೋಗದ ವಿಷಯ ನನ್ನನ್ನು ನಾಚಿಸಿತು. ಎರಿಕಾ ಹಗಿನ್ಸ್ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನಾಯಕಿ. 1969ರ ಜನವರಿಯಲ್ಲಿ ಅವರ ಗಂಡನ ಕೊಲೆಯಾದಾಗ ಮಗುವಿಗೆ ಮೂರು ವಾರ. ಕೆಲವೇ ತಿಂಗಳಲ್ಲಿ ಅವರನ್ನು ಜೈಲಿಗೆ ಹಾಕಿದರು. ಅಲ್ಲಿ ಅವರು ತಾವೇ ಧ್ಯಾನ, ಯೋಗ ಕಲಿತರು. ಮಗುವನ್ನು ನೋಡಲು ಬಿಟ್ಟ ಆ ಸ್ವಲ್ಪ ಹೊತ್ತು ಒಡೆದುಹೋಗದೆ ಇರಬೇಕಿತ್ತು, ಅದಕ್ಕೆ. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಕೂಡ ಯೋಗ ಮಾಡುತ್ತಿದ್ದರು. 1973ರ ಒಂದು ಫೋಟೋ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ನಾನು ಮೈಸೂರಿನ ಹತ್ತಿರದವಳು, ಯೋಗ ನಮ್ಮದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವಳು. ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿರಲು ಕಾರಣವೂ ಇದೆ. ಮನೆ ಕೊಳ್ಳುವಾಗ ನಮ್ಮವರು ನಮಗೆ ಕೊಟ್ಟ ಮೊದಲ ಸಲಹೆ, ಆ ಕಡೆ ಬೇಡ, ಅಲ್ಲಿ ಅವರು ಜಾಸ್ತಿ. ಅವರು ಎಂದರೆ ಯಾರು ಎಂದು ಯಾರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಲಹೆ ಕೇಳಿದೆವು. ಹತ್ತು ವರ್ಷ ಈ ಊರಿನಲ್ಲಿದ್ದೂ ಒಬ್ಬ ಕಪ್ಪು ಗೆಳತಿಯ ಮನೆಯೊಳಗೆ ಹೆಜ್ಜೆ ಇಟ್ಟಿರಲಿಲ್ಲ. ಇಲ್ಲಿ ನಾವು ಬಂದು ನೆಲೆಸಲು ದಾರಿ ಮಾಡಿದ 1965ರ ವಲಸೆ ಕಾಯ್ದೆ ಬಂದದ್ದು ಅವರ ಹಕ್ಕಿನ ಹೋರಾಟದ ಗಾಳಿಯಲ್ಲೇ. ಆ ಸಾಲವನ್ನು ನಾವು ಮನೆಯಲ್ಲಿ ಮಕ್ಕಳಿಗೆ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಒಂದು ಮಧ್ಯಾಹ್ನ ಅಕ್ಕನ ಹಿತ್ತಲಲ್ಲಿ ಕೂತಿದ್ದೆವು. ಅವರ ಮಡಿಯಲ್ಲಿ ಬೆಂಡೆ ಕಾಯಿ ಬಿಟ್ಟಿತ್ತು. ಅಲಸಂದೆ, ನಮ್ಮ ರಾಗಿ, ನಮ್ಮ ಜೋಳ, ಎಲ್ಲದರ ತವರೂ ಆಫ್ರಿಕಾ. ಬೆಂಡೆಯೂ ಅಲ್ಲಿಂದಲೇ ಬಂತು ಎನ್ನುವವರಿದ್ದಾರೆ. ಅದನ್ನು ಹೇಳಿದರೆ ಅಕ್ಕ "ಹಾಗಾದರೆ ನೀನು ಹುಟ್ಟಿದಾಗಿಂದ ನಮ್ಮ ಮನೆ ಊಟ ಮಾಡ್ತಿದ್ದೀಯ" ಎಂದರು. ಆಮೇಲೆ ಸೆಲ್ಫ್ ಕೇರ್‌ಗೆ ನಿಮ್ಮ ಭಾಷೆಯಲ್ಲಿ ಏನು ಎನ್ನುತ್ತೀರಿ ಎಂದು ಕೇಳಿದರು. ನಾನು ತಡವರಿಸಿದೆ. ಸ್ವ ಆರೈಕೆ ಎಂದರೆ ಪೇಪರ್ ಕನ್ನಡ, ಯಾರೂ ಹಾಗೆ ಮಾತಾಡುವುದಿಲ್ಲ. ಆಗ ಅಮ್ಮನ ದನಿ ನೆನಪಾಯಿತು. ಬಿಸಿಲಲ್ಲಿ ಬಂದವರಿಗೆ, ಜ್ವರ ಬಿಟ್ಟವರಿಗೆ, ಅತ್ತು ಮುಗಿಸಿದವರಿಗೆ ಅಮ್ಮ ಹೇಳುವುದು ಒಂದೇ ಮಾತು. ಸ್ವಲ್ಪ ಸುಧಾರಿಸ್ಕೋ. ಉಸಿರು ತಗೋ, ಚೇತರಿಸಿಕೋ ಎಂದು. ಸಮಾಜವನ್ನು ತಿದ್ದುವುದಕ್ಕೂ ನಾವು ಇದೇ ಪದ ಬಳಸುತ್ತೇವೆ, ಸುಧಾರಣೆ ಎನ್ನುತ್ತೇವೆ ಎಂದೆ.

"ಎರಡಕ್ಕೂ ಒಂದೇ ಪದವಾ?" ಅಕ್ಕ ಮತ್ತೆ ಮತ್ತೆ ಕೇಳಿದರು. ನಾಲಿಗೆ ಹೊರಳಿಸಿ ಹೊರಳಿಸಿ ಕಲಿತರು.

ಇದರಿಂದ ಪೊಲೀಸರು ಬದಲಾಗುತ್ತಾರಾ, ಆಸ್ಪತ್ರೆ ಬದಲಾಗುತ್ತದಾ ಎಂದು ಕೇಳುವವರಿದ್ದಾರೆ. ಮಧ್ಯಾಹ್ನದ ನಿದ್ದೆ ಒಂದರಿಂದಲೇ ಆಗುವುದಿಲ್ಲ, ಅಕ್ಕನಿಗೂ ಅದು ಗೊತ್ತು. 2020ರಲ್ಲಿ ಅವರು ಮತದಾನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರಿಗೆ ಕುರ್ಚಿ ಹಾಕಿದವರು, ಯೂನಿಯನ್ ಸಭೆಗೆ ಹೋದವರು. ಮಲಗಿ ಎದ್ದು ಹೋದರು, ಅಷ್ಟೇ ವ್ಯತ್ಯಾಸ. ಅವರ ತಾಯಿ ಮಲಗದೆ ಹೋಗಿದ್ದರು.

2023ರ ಜನವರಿಯಲ್ಲಿ ಅಕ್ಕನಿಗೆ ಅರವತ್ತು ತುಂಬಿತು. ನಮ್ಮಲ್ಲಿ ಅರವತ್ತರ ಶಾಂತಿ ಮಾಡುತ್ತಾರೆ, ಅದು ಗಂಡನ ಅರವತ್ತಕ್ಕೆ. ಅಜ್ಜಿಗೆ ಅರವತ್ತಾದದ್ದು ಯಾವಾಗ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ಮನೆ ತುಂಬ ಜನ ಸೇರಿದ್ದರು. ಗುರುವಾರದ ಗೆಳತಿಯರು, ಆಲ್ಬನಿಯ ನೆಂಟರು, ಜಡೆಯ ತುದಿಗೆ ಮಣಿ ಪೋಣಿಸಿಕೊಂಡ ಮೊಮ್ಮಗಳು. ಹೊಸ ವರ್ಷಕ್ಕೆ ಇವರು ಮಾಡುವ ಅಲಸಂದೆ ಕಾಳಿನ ಅನ್ನ, ಕಾಲರ್ಡ್ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು. ನಾನು ಬೆಂಡೆಕಾಯಿ ಗೊಜ್ಜು ಒಯ್ದಿದ್ದೆ. ಕೇಕ್ ಕತ್ತರಿಸಿ ಎಲ್ಲರಿಗೂ ಹಂಚುವಷ್ಟರಲ್ಲಿ ಗಡಿಯಾರ ಮೂರು ಹೊಡೆಯಿತು.

ಅಕ್ಕ ತಟ್ಟೆ ಕೆಳಗಿಟ್ಟರು. ಅಷ್ಟು ಜನರ ನಡುವಿನಿಂದ ಎದ್ದು, ನನ್ನ ಕಡೆ ನೋಡಿ, "ಸುದಾರ್ಸ್ಕೋ" ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋದರು. ಮೊಮ್ಮಗಳು ಬಾಗಿಲು ಮುಂದೆ ಮಾಡಿ ಬಂದಳು. ಯಾರೋ ಹಾಡಿನ ಸದ್ದು ತಗ್ಗಿಸಿದರು. ನಾನು ಅಭ್ಯಾಸಬಲದಿಂದ ಪಾತ್ರೆ ತೊಳೆಯಲು ಸಿಂಕಿನ ಹತ್ತಿರ ಹೋದೆ. ಗುರುವಾರದ ಗೆಳತಿಯೊಬ್ಬರು ನನ್ನ ಕೈಯಿಂದ ಸೌಟು ತೆಗೆದಿಟ್ಟು, ಸೋಫಾದ ತುದಿಯಲ್ಲಿ ಜಾಗ ಮಾಡಿಕೊಟ್ಟರು. ಫೋನ್ ಆಫ್ ಮಾಡಿ ಕಾಲು ಚಾಚಿದೆ.